ಒಡೀಲ್ ಮತ್ತೆ ನೀರಿಗಿಳಿದ ಬೆಳಿಗ್ಗೆ

ಗಾಳಿ ಉತ್ತರಕ್ಕೆ ತಿರುಗಿದ ದಿನ ಒಡೀಲ್ ಸಾರಿಗೆ ಉಪ್ಪು ಹಾಕುವುದನ್ನು ಮರೆಯುತ್ತಿದ್ದಳು. ಶಾಲೆಯ ಅಡುಗೆಮನೆಯಲ್ಲಿ ನಾನು ಅವಳ ಕೈಕೆಳಗೆ ತರಕಾರಿ ಹೆಚ್ಚುವವಳು. ಮಾಂಸದುಂಡೆಯ ಸಾರು ಒಲೆಯ ಮೇಲೆ ಕುದಿಯುತ್ತಿರುತ್ತಿತ್ತು. ಅವಳು ಮಾತ್ರ ಸೌಟು ಹಿಡಿದುಕೊಂಡೇ ಹಿಂಬಾಗಿಲು ತೆಗೆದು ಮೆಟ್ಟಿಲ ಮೇಲೆ ನಿಂತುಬಿಡುತ್ತಿದ್ದಳು.

"ತಾಂತ್, ಸಾರು ತಳ ಹಿಡೀತಿದೆ!" ಎಂದು ನಾನು ಕೂಗುತ್ತಿದ್ದೆ. ನಮ್ಮಲ್ಲಿ ಹಿರಿಯ ಹೆಂಗಸರನ್ನೆಲ್ಲ ತಾಂತ್ ಎನ್ನುತ್ತೇವೆ, ಚಿಕ್ಕಮ್ಮ ಎಂದ ಹಾಗೆ.

"ಹಿಡೀಲಿ ಬಿಡೇ. ಕೇಳಿಲ್ಲಿ. ಇವು ಹಸಿರುತಲೆ ಬಾತಲ್ಲ, ನೀಲಿಕೊಕ್ಕು. ಅಂದ್ರೆ ಸರೋವರದ ಅಂಚು ಆಗಲೇ ಹೆಪ್ಪುಗಟ್ತಾ ಇದೆ."

ನನಗೆ ಕೇಳಿಸುತ್ತಿದ್ದದ್ದು ಬರೀ ಗಾಳಿ. ನಮ್ಮ ಊರು ರೈಲು ಹಳಿಯ ಪಕ್ಕದ ಒಣ ಊರು. ನಾಲ್ಕು ಗೋಧಿ ಕಣಜ, ಒಂದು ಇಗರ್ಜಿ, ಸುತ್ತಲೂ ಬಾರ್ಲಿ ಕೊಯ್ದ ಕೂಳೆ ಹೊಲ. ಮನಿಟೋಬಾ ಸರೋವರ ಇರುವುದು ಟ್ರಕ್ಕಿನಲ್ಲಿ ಒಂದು ಗಂಟೆ ದೂರದಲ್ಲಿ. ಅಲ್ಲಿಂದ ಬಾತುಗಳು ಕಾಳು ಹೆಕ್ಕಲು ಈ ಹೊಲಗಳಿಗೆ ಬಂದು ಹೋಗುತ್ತಿದ್ದವು. ಒಡೀಲ್ ಮಾತ್ರ ಬಂದವಳು ಇಲ್ಲೇ ಉಳಿದಿದ್ದಳು.

ಅವಳು ಹುಟ್ಟಿದ್ದು ಸರೋವರದ ತೆಂಕಣ ಅಂಚಿನ ಲಾ ಪ್ವಾಂತ್‌ನಲ್ಲಿ. ಮನೆಯ ಬಾಗಿಲಿನಿಂದಲೇ ಜೊಂಡು ಶುರುವಾಗುವ ಊರು ಅದು. ಅವಳ ಅಪ್ಪ ಷಾರ್ಲೋ ಪಟ್ಟಣದ ಬೇಟೆಗಾರರಿಗೆ ದಾರಿ ತೋರಿಸುತ್ತಿದ್ದ. ಗಂಡುಮಕ್ಕಳಿರಲಿಲ್ಲ, ಹಾಗಾಗಿ ದೋಣಿಯ ಗಳ ಒಡೀಲ್ ಕೈಗೆ ಬಂತು. ಕತ್ತಲು ಹರಿಯುವ ಮೊದಲೇ ಹಕ್ಕಿಗಳನ್ನು ಸೆಳೆಯಲು ಮರದ ಬಾತುಗಳನ್ನು ನೀರಿನ ಮೇಲೆ ತೇಲಿಬಿಟ್ಟು, ಬಿದ್ದ ಹಕ್ಕಿಯನ್ನು ತರುವ ನಾಯಿಯ ಜೊತೆ ಜೊಂಡಿನ ಮರೆಯಲ್ಲಿ ಕೂತು, ಅಪ್ಪ ಬಾಯಿಂದಲೇ ಬಾತಿನ ಕೂಗು ಹಾಕುವುದನ್ನು ಅವಳು ಕೇಳುತ್ತಿದ್ದಳು. ಮದುವೆಯ ವಯಸ್ಸಿಗೆ ಬರುವ ಹೊತ್ತಿಗೆ ಅಪ್ಪನಿಗಿಂತ ಚೆನ್ನಾಗಿ ಕೂಗುತ್ತಿದ್ದಳಂತೆ. ಪಟ್ಟಣದವರು ಅದಕ್ಕೇ ಅವಳ ದೋಣಿಯನ್ನು ಕೇಳಿ ಹತ್ತುತ್ತಿದ್ದರಂತೆ.

"ಹೊಡೆಯೋದು ದೊಡ್ಡದಲ್ಲ ಕಣೇ," ಎಂದು ನನಗೆ ಹೇಳಿದ್ದಳು. "ಹಕ್ಕಿ ಮೇಲಿಂದ ಒಂದು ಸುತ್ತು ಹಾಕ್ತದಲ್ಲ, ಇಳೀಲೋ ಬೇಡ್ವೋ ಅಂತ ಯೋಚನೆ ಮಾಡ್ತದಲ್ಲ, ಆಗ ನಾಯಿ ನಡುಗೋದು ನನ್ನ ಮೊಣಕಾಲಿಗೆ ಗೊತ್ತಾಗ್ತಿತ್ತು. ಅದು, ಅಷ್ಟೇ. ಅದು ಬೇರೆ ಎಲ್ಲೂ ಸಿಗಲ್ಲ."

ಅವಳ ಗಂಡ ಎಡ್ಗಾರ್ ಅದೇ ಊರಿನ ಮೀನುಗಾರರ ಮನೆಯವನು. ಚಳಿಗಾಲದಲ್ಲಿ ಸರೋವರದ ಹೆಪ್ಪುಗಟ್ಟಿದ ನೀರಿಗೆ ತೂತು ಕೊರೆದು ಬಲೆ ಬಿಡುವುದು ಅವರ ಕಸುಬು. ಒಂದು ವರ್ಷ ಹೆಪ್ಪು ಇನ್ನೂ ತೆಳುವಾಗಿದ್ದಾಗಲೇ ಅವನೂ ಅವನ ತಮ್ಮ ಗಿಲ್ಬೇರೂ ಹೊರಟರು. ಗಿಲ್ಬೇರ್ ಮುಂದೆ ನಡೆಯುತ್ತಿದ್ದ, ಏನೋ ತಮಾಷೆ ಮಾಡಲು ಹಿಂತಿರುಗಿ ನೋಡಿದ, ಹೆಪ್ಪು ಒಡೆದು ಹಾಗೆಯೇ ನೀರಿಗೆ ಇಳಿದುಹೋದ. ಎಡ್ಗಾರ್ ಹೊಟ್ಟೆಯ ಮೇಲೆ ತೆವಳಿ ಕೈ ಚಾಚಿದ. ಸಿಕ್ಕಿದ್ದು ಕೈಗವಸು ಮಾತ್ರ.

ಆ ವಸಂತದಲ್ಲಿ ಒಡೀಲ್‌ಗೂ ಎಡ್ಗಾರ್‌ಗೂ ಮದುವೆಯಾಯಿತು. ಮದುವೆಗೆ ಮುಂಚೆ ಎಡ್ಗಾರ್ ಒಂದೇ ಮಾತು ಕೇಳಿದ.

"ನೀನು ನೀರಿಗೆ ಇಳೀಬಾರದು, ಒಡೀಲ್. ಬೇರೆ ಏನೂ ಕೇಳಲ್ಲ ನಾನು."

"ಆಯ್ತು," ಎಂದಳು. ಅವನ ಮುಖ ನೋಡಿದ್ದರೆ ಯಾರೇ ಆದರೂ ಆಯ್ತು ಎನ್ನುತ್ತಿದ್ದರು. ಆ ಮಾತಿನ ಭಾರ ಅವಳಿಗೆ ತಿಳಿದದ್ದು ಬಾತುಗಳು ಬಂದ ಮೊದಲ ಅಕ್ಟೋಬರಿನಲ್ಲಿ.

ಎಡ್ಗಾರ್‌ಗೆ ಗೋಧಿ ಕಣಜದಲ್ಲಿ ಕೆಲಸ ಸಿಕ್ಕಿತು, ಇಬ್ಬರೂ ನಮ್ಮ ಊರಿಗೆ ಬಂದರು. ಹೆಣ್ಣುಮಕ್ಕಳು ಹುಟ್ಟಿದರು, ಬೆಳೆದರು, ಹೊರಟುಹೋದರು. ಅವನು ಒಳ್ಳೆಯ ಗಂಡ. ಕುಡಿಯುತ್ತಿರಲಿಲ್ಲ, ಕೂಗಾಡುತ್ತಿರಲಿಲ್ಲ, ಭಾನುವಾರ ತಾನೇ ಗಲೆತ್ ರೊಟ್ಟಿ ಸುಟ್ಟು ಹೆಂಡತಿಗೆ ಕೊಡುತ್ತಿದ್ದ. ಅವಳು ಒಂದು ದಿನವೂ ಕೊಟ್ಟ ಮಾತನ್ನು ಎತ್ತಲಿಲ್ಲ. ಲಾ ಪ್ವಾಂತ್‌ಗೆ ಹೋದರೂ ಅಪ್ಪನ ಮನೆಯಲ್ಲಿ ಜೊಂಡಿಗೆ ಬೆನ್ನು ಮಾಡಿ ಕೂರುತ್ತಿದ್ದಳು. ಅಪ್ಪ ತೀರಿಕೊಂಡಾಗ ಅವನ ಕೋವಿ ಅವಳ ಪಾಲಿಗೆ ಬಂತು. ಅದನ್ನು ಚಾದರದಲ್ಲಿ ಸುತ್ತಿ ಮಂಚದ ಕೆಳಗೆ ಇಟ್ಟಳು. ವರ್ಷಕ್ಕೊಮ್ಮೆ ಎಣ್ಣೆ ಹಚ್ಚುವಾಗ ಎಡ್ಗಾರ್ ಮನೆಯಲ್ಲಿ ಇರದಂತೆ ನೋಡಿಕೊಳ್ಳುತ್ತಿದ್ದಳು. ಎಣ್ಣೆಯ ವಾಸನೆ ಅವನಿಗೆ ಗೊತ್ತಾಗುತ್ತಿತ್ತು. ಅವನೂ ಏನೂ ಹೇಳುತ್ತಿರಲಿಲ್ಲ.

ಹೀಗಿರುವಾಗ ಒಂದು ಸಂಜೆ ಅವನು ಕಣಜದಿಂದ ನಾಯಿಮರಿಯೊಂದನ್ನು ಕೋಟಿನೊಳಗೆ ಇಟ್ಟುಕೊಂಡು ಬಂದ. ಕಪ್ಪು ಲ್ಯಾಬ್ರಡಾರ್, ಅಗಲ ತಲೆ, ತಲೆಗಿಂತ ಅಗಲ ಪಂಜ. ಯಾರೋ ರೈತ ಬೇಡವೆಂದು ಬಿಟ್ಟುಹೋದದ್ದು ಎಂದ.

"ಯಾಕೋ ಇದು?" ಎಂದಳು ಒಡೀಲ್.

"ಇಲಿ ಹಿಡಿಯೋಕೆ."

"ಇಲಿ ಹಿಡಿಯೋ ಲ್ಯಾಬ್ರಡಾರ್‌ನ ಎಲ್ಲಿ ಕಂಡಿದೀಯೋ ಮಾರಾಯ? ಇದು ಇಲಿ ಕಂಡ್ರೆ ಬಾಯಲ್ಲಿ ಎತ್ಕೊಂಡು ಬಂದು ನಿನ್ನ ತೊಡೆ ಮೇಲೆ ಜೀವಂತ ಇಡ್ತದೆ."

"ಇಡ್ಲಿ ಬಿಡು," ಎಂದು ಅವನು ಬೂಟು ಬಿಚ್ಚಲು ಬಗ್ಗಿದ. ಬಿಚ್ಚಿದ ಬೂಟನ್ನು ಮರಿ ಕಚ್ಚಿಕೊಂಡು ಹೋಗಿ ಒಡೀಲ್ ಕಾಲಬುಡದಲ್ಲಿ ಇಟ್ಟಿತು.

ಅದಕ್ಕೆ ಪತಾತ್ ಎಂದು ಹೆಸರಾಯಿತು, ಆಲೂಗಡ್ಡೆ ಎಂದು ಅರ್ಥ. ಕೂತರೆ ಹಾಗೆಯೇ ಕಾಣುತ್ತಿತ್ತು. ಊರಿನಲ್ಲಿ ಅದು ಹೊತ್ತು ತರದ ವಸ್ತು ಇರಲಿಲ್ಲ. ಪಕ್ಕದ ಮನೆಯ ಒಳಲಂಗ, ಪಾದ್ರಿಗಳ ಕಿಟಕಿಯಲ್ಲಿ ಆರಲು ಇಟ್ಟ ರೊಟ್ಟಿ, ಒಮ್ಮೆ ಒಂದು ಇಡೀ ಕೋಳಿಮೊಟ್ಟೆ, ಒಡೆಯದೆ. ಹಲ್ಲಿನ ಗುರುತೂ ಇಲ್ಲದ ಆ ಮೊಟ್ಟೆಯನ್ನು ಅಂಗೈಯಲ್ಲಿ ಹಿಡಿದು ಒಡೀಲ್ ಬಹಳ ಹೊತ್ತು ನೋಡಿದಳು. ಮರುದಿನ ಶಾಲೆಯಿಂದ ಮನೆಗೆ ಹೋಗಿ ಹಳೆಯ ಕಾಲುಚೀಲಕ್ಕೆ ಚಿಂದಿ ತುಂಬಿ, ಅದಕ್ಕೊಂದು ಬಾತಿನ ರೆಕ್ಕೆ ಕಟ್ಟಿ, ಹಿತ್ತಲಲ್ಲಿ ಎಸೆಯತೊಡಗಿದಳು. ಪತಾತ್ ಕೂರಬೇಕು, ಅವಳು ಹೇಳುವ ತನಕ ಏಳಬಾರದು, ಹೇಳಿದ ಮೇಲೆ ಸೀದಾ ಓಡಿ ತಂದು ಕೈಯಲ್ಲೇ ಕೊಡಬೇಕು. ಆಟ ಎಂದೇ ಅವಳು ಹೇಳಿಕೊಂಡಳು. ಎಡ್ಗಾರ್ ಅಡುಗೆಮನೆಯ ಕಿಟಕಿಯಲ್ಲಿ ಕಾಫಿ ಹಿಡಿದು ನಿಂತು ನೋಡುತ್ತಿದ್ದ.

ಎರಡು ಬೇಸಿಗೆ ಹೀಗೆ ಕಳೆಯಿತು. ನವೆಂಬರಿನ ಮೊದಲ ವಾರ, ಬೆಳಕು ಹರಿಯುವ ಮೊದಲೇ, ಅವನು ಅವಳನ್ನು ಎಬ್ಬಿಸಿದ.

"ಟ್ರಕ್ ಹತ್ತು. ನಾಯೀನೂ ಕರ್ಕೊ."

"ಎಲ್ಲಿಗೋ ಇಷ್ಟು ಬೇಗ?"

"ಹತ್ತು ಅಂದ್ನಲ್ಲ."

ಲಾ ಪ್ವಾಂತ್‌ನ ದೋಣಿಕಟ್ಟೆಯಲ್ಲಿ ಅವಳ ದಾಯಾದಿ ಅಣ್ಣ ರೊಜೇರ್ ನಿಂತಿದ್ದ. ದೋಣಿಯಲ್ಲಿ ಮರದ ಬಾತುಗಳು ಆಗಲೇ ತುಂಬಿದ್ದವು. ಎಡ್ಗಾರ್ ಟ್ರಕ್ಕಿನ ಹಿಂದಿನಿಂದ ಚಾದರದ ಕಟ್ಟನ್ನು ತೆಗೆದ.

"ಮಾತು ಕೊಟ್ಟಿದೀನಲ್ಲೋ," ಎಂದಳು ಒಡೀಲ್.

"ನನಗೆ ತಾನೇ ಕೊಟ್ಟಿದ್ದು? ಸಾಕು ಅಂತೀನಿ ನಾನು." ಅವನು ನೀರಿನ ಕಡೆ ನೋಡುತ್ತಿರಲಿಲ್ಲ. "ನಾನು ಇಲ್ಲೇ ಇರ್ತೀನಿ. ಆ ಜೊಂಡಿನ ಮೂತಿ ಇದೆಯಲ್ಲ, ಅದನ್ನ ದಾಟಬೇಡ."

"ದಾಟದೇ ಇದ್ರೆ ಕಪ್ಪೆ ಹೊಡೀಬೇಕಷ್ಟೇ," ಎಂದ ರೊಜೇರ್.

"ನಿನ್ನ ಕೇಳಲಿಲ್ಲ," ಎಂದ ಎಡ್ಗಾರ್.

"ಆ ಮೂತಿ ದಾಟಿ ಒಂದೇ ಒಂದು ತಿರುವು," ಎಂದಳು ಒಡೀಲ್. "ಅಪ್ಪನ ಜಾಗ. ಅಲ್ಲಿ ಸೊಂಟದಷ್ಟೇ ನೀರು ಎಡ್ಗಾರ್, ನಿಂತ್ರೆ ಕಾಲು ಸಿಗ್ತದೆ."

ಅವನು ಚಾದರದ ಕಟ್ಟನ್ನು ಅವಳ ಕೈಗೆ ಕೊಟ್ಟು, "ಒಂದು ತಿರುವು," ಎಂದ.

ಗಳ ಕೈಗೆ ಬಂದೊಡನೆ ಮೈ ತಾನಾಗಿ ಬಾಗಿತಂತೆ. ಅವಳು ಮರೆತದ್ದು ಚಳಿಯನ್ನು. ಬೆರಳು ಬಿಗಿದುಕೊಂಡವು, ಮರದ ಬಾತುಗಳ ಹಗ್ಗ ಸಿಕ್ಕುಸಿಕ್ಕಾಯಿತು. ಜೊಂಡಿನ ಮರೆಯಲ್ಲಿ ದೋಣಿ ನಿಲ್ಲಿಸಿ, ಪತಾತ್‌ನನ್ನು ಮೊಣಕಾಲ ಪಕ್ಕ ಕೂರಿಸಿಕೊಂಡಳು. ಪೂರ್ವದಲ್ಲಿ ಬೂದಿ ಬಣ್ಣ ಬಂತು. ಮೊದಲ ಹಕ್ಕಿಗಳು ತಲೆಯ ಮೇಲೆ ಬಂದಾಗ ಕೋವಿ ಎತ್ತುವುದನ್ನೇ ಮರೆತು ನೋಡಿದಳು. ಎರಡನೆಯ ಗುಂಪಿಗೆ ಹೊಡೆದಳು, ತಪ್ಪಿತು. ಮೂರನೆಯದಕ್ಕೆ ಕೂಗು ಹಾಕಿದಳು. ಗಂಟಲು ಒಡೆದ ತುತ್ತೂರಿಯಂತಿತ್ತು, ಆದರೂ ಅವು ತಿರುಗಿದವು. ಸುತ್ತು ಹಾಕಿದವು. ಮೊಣಕಾಲಿಗೆ ಒತ್ತಿದ ನಾಯಿಯ ಮೈ ಸಣ್ಣಗೆ ನಡುಗತೊಡಗಿತು.

ಈ ಸಲ ಒಂದು ಹಸಿರುತಲೆ ಬಿತ್ತು, ತೆಳು ಹೆಪ್ಪಿನ ಆಚೆ.

"ಹೋಗು ಪತಾತ್!"

ಅದು ಹಿತ್ತಲಲ್ಲಿ ಕಲಿತ ನಾಯಿ, ನೀರಿನ ಮೇಲಿನ ಹೆಪ್ಪು ಕಂಡದ್ದಿಲ್ಲ. ಒಂದು ಕಾಲಿಟ್ಟು, ಚಟ್ ಎಂದ ಸದ್ದಿಗೆ ಹಿಂದೆಗೆದು, ಅವಳ ಮುಖ ನೋಡಿ ಕುಂಯ್ಗುಟ್ಟಿತು. ಹಕ್ಕಿ ಗಾಳಿಗೆ ಮೆಲ್ಲಗೆ ದೂರ ಸರಿಯುತ್ತಿತ್ತು. ನಾಯಿ ಮತ್ತೊಮ್ಮೆ ಅದನ್ನು ನೋಡಿತು. ಆಮೇಲೆ ಎದೆಯಿಂದಲೇ ಹೆಪ್ಪು ಒಡೆಯುತ್ತ ನುಗ್ಗಿತು, ಗಾಜಿನ ಅಂಗಡಿಗೆ ಗೂಳಿ ಹೊಕ್ಕಂತೆ ಸದ್ದು. ಹಿಂದಿರುಗಿ ಬರುವಾಗ ಬಾಯಲ್ಲಿ ಬಾತು, ಅದರ ಒಂದು ಗರಿಯೂ ಕದಲಿರಲಿಲ್ಲ. ಅವಳ ಅಂಗೈಗೆ ಇಟ್ಟು, ಮೈ ಕೊಡವಿ, ಅವಳನ್ನು ಪೂರ್ತಿ ತೋಯಿಸಿತು. ಒಡೀಲ್ ಆ ಒದ್ದೆ ಕತ್ತಿಗೆ ಮುಖ ಒತ್ತಿ ಅತ್ತಳು.

ಆಗಲೇ ಟ್ರಕ್ಕಿನ ಹಾರ್ನ್ ಕೇಳಿಸಿದ್ದು. ಉದ್ದಕ್ಕೆ, ಬಿಡದೆ. ಇಳಿಯಲು ಬರುತ್ತಿದ್ದ ಇಡೀ ಗುಂಪು ಚದುರಿ ಹಾರಿಹೋಯಿತು. ತನ್ನ ದೋಣಿಯಲ್ಲಿ ಪಕ್ಕದ ಜೊಂಡಿಗೆ ಬಂದಿದ್ದ ರೊಜೇರ್ ಬೈಯುವುದು ಕೇಳಿಸಿತು: "ಯಾವ ಕತ್ತೆ ಅದು? ಮದುವೆ ದಿಬ್ಬಣಕ್ಕೆ ಬಂದಿದಾನಾ?"

ಅವಳಿಗೆ ಮೊದಲು ಸಿಟ್ಟು ಬಂತು, ಆಮೇಲೆ ನಗು. ಸ್ವಲ್ಪ ಹೊತ್ತಿಗೆ ಹಾರ್ನ್ ಮತ್ತೆ ಕೂಗಿತು. ಆಮೇಲೆ ಇನ್ನೊಮ್ಮೆ. ನಾಲ್ಕನೆಯ ಸಲ ಕೂಗಲೇ ಇಲ್ಲ. ಅವಳು ಕಿವಿಗೊಟ್ಟು ಕಾದಳು. ತಲೆಯ ಮೇಲೆ ಬಾತುಗಳು ಶಿಳ್ಳೆ ಹಾಕುತ್ತ ಹೋದವು, ಅವಳು ಕತ್ತು ಎತ್ತಲಿಲ್ಲ. ಆಮೇಲೆ ನನಗೆ ಹೇಳಿದಳು, "ಅಷ್ಟು ವರ್ಷ ಒಲೆ ಮುಂದೆ ನಿಂತು ಜೊಂಡು ಜೊಂಡು ಅಂತ ಹಂಬಲಿಸಿದೆ. ಜೊಂಡಿನ ನಡುವೆ ಕೂತಾಗ ಆ ಮನುಷ್ಯ ಏನು ಮಾಡ್ತಿದಾನೋ ಅನ್ನೋದೇ ಆಗೋಯ್ತು."

ಮರದ ಬಾತುಗಳನ್ನು ಅಲ್ಲೇ ಬಿಟ್ಟು ದೋಣಿ ತಿರುಗಿಸಿದಳು. ಜೊಂಡಿನ ಮೂತಿ ದಾಟಿದಾಗ ಕಂಡದ್ದು, ಕಟ್ಟೆಯ ಪಕ್ಕ ನೀರಿನಲ್ಲಿ ನಿಂತ ಎಡ್ಗಾರ್. ಇಗರ್ಜಿಗೆ ಹಾಕುವ ಷೂ, ತೊಡೆಯವರೆಗೆ ನೀರು, ತುಟಿ ನೀಲಿ.

"ಎಡ್ಗಾರ್! ನೀರಲ್ಲಿ ಏನು ಮಾಡ್ತಿದೀಯೋ?"

ಅವನು ಬಗ್ಗಿ ತನ್ನ ಕಾಲು ನೋಡಿಕೊಂಡ. ಇಳಿದದ್ದು ಅವನಿಗೆ ಗೊತ್ತೇ ಇರಲಿಲ್ಲ.

"ನೀನು ಕಾಣಿಸ್ಲಿಲ್ಲ," ಎಂದ. ಅಷ್ಟೇ.

ಅಂದಿನಿಂದ ಪ್ರತಿ ನವೆಂಬರ್ ಅವರು ಹೋದರು. ಅವನು ಕಟ್ಟೆಯಲ್ಲಿ, ಅವಳು ಜೊಂಡಿನಲ್ಲಿ. ಹಾರ್ನ್ ನಿಲ್ಲಲಿಲ್ಲ. ಲಾ ಪ್ವಾಂತ್‌ನ ಬೇಟೆಗಾರರು ಗೊಣಗಿದರು, ಕಡೆಗೆ ಅದಕ್ಕೆ ಒಗ್ಗಿಕೊಂಡರು. "ಎಡ್ಗಾರ್‌ಗೆ ಹೆಂಡತಿ ನೆನಪಾಯ್ತು, ಇನ್ನು ಕಾಫಿ ಕುಡಿಯೋಣ," ಎನ್ನುತ್ತಿದ್ದರು. ಅವಳು ತರುತ್ತಿದ್ದದ್ದು ಒಂದೋ ಎರಡೋ ಬಾತು. ಈರುಳ್ಳಿ, ಟರ್ನಿಪ್ ಹಾಕಿ ನಿಧಾನ ಉರಿಯಲ್ಲಿ ಬೇಯಿಸಿ ನನಗೂ ಒಂದು ಬಟ್ಟಲು ಕಳಿಸುತ್ತಿದ್ದಳು. ಅದರಲ್ಲಿ ಉಪ್ಪು ಸರಿಯಾಗಿರುತ್ತಿತ್ತು.

ಕಣಜದ ಧೂಳು ಎಡ್ಗಾರ್‌ನ ಎದೆ ಸೇರಿತ್ತು. ಕೆಲಸ ಬಿಟ್ಟ ಮೇಲೆ ಕೆಮ್ಮು ಬಿಡಲಿಲ್ಲ. ಒಂದು ಸೆಪ್ಟೆಂಬರಿನಲ್ಲಿ, ನೀರು ಕನ್ನಡಿಯಂತೆ ನಿಂತ ದಿನ, ತಾನೂ ದೋಣಿ ಹತ್ತುತ್ತೇನೆ ಎಂದ. ಅವಳು ಎರಡು ಸಲ ಕೇಳಿ ಖಾತ್ರಿ ಮಾಡಿಕೊಂಡಳು. ಅವನು ದೋಣಿಯ ಎರಡೂ ಅಂಚು ಗಟ್ಟಿಯಾಗಿ ಹಿಡಿದು, ಕಣ್ಣು ಮುಚ್ಚಿ, ಪತಾತ್‌ನ ಬೆನ್ನಿಗೆ ಒರಗಿ ಕೂತ. ತಿರುವಿನಲ್ಲಿ ಅವಳು ಗಳ ನೆಟ್ಟು ದೋಣಿ ನಿಲ್ಲಿಸಿದಾಗ ಕಣ್ಣು ತೆರೆದ.

"ಇಲ್ಲೇನಾ ನೀನು ಕೂರೋದು?"

"ಇಲ್ಲೇ."

"ಇಲ್ಲಿಂದ ಟ್ರಕ್ ಕಾಣ್ತದಾ?"

"ಕಾಣಲ್ಲ."

ಅವನು ಸುತ್ತಲೂ ನೋಡಿದ. ಒಂದು ಜೊಂಡು ಮುರಿದು ಮೂಸಿದ. "ಗಿಲ್ಬೇರ್ ಅಲ್ಲಿ," ಎಂದು ಉತ್ತರಕ್ಕೆ, ತೆರೆದ ನೀರಿನ ಕಡೆ ಒಮ್ಮೆ ಕೈ ತೋರಿಸಿದ. ಮದುವೆಯಾದ ಮೇಲೆ ಆ ಹೆಸರು ಅವನ ಬಾಯಲ್ಲಿ ಬಂದದ್ದು ಅಂದೇ ಎಂದು ಒಡೀಲ್ ಹೇಳಿದಳು. ಹಿಂದಿರುಗುವಾಗ ಅವನು ಕಣ್ಣು ಮುಚ್ಚಲಿಲ್ಲ.

ಆ ಚಳಿಗಾಲ ಮುಗಿಯುವುದರೊಳಗೆ ಅವನು ತೀರಿಹೋದ.

ಮುಂದಿನ ನವೆಂಬರಿನಲ್ಲಿ ಅವಳು ಒಬ್ಬಳೇ ಜೊಂಡಿಗೆ ಹೋದಳು, ಒಂದೇ ಸಲ. ಬಾತುಗಳು ಬಂದವು, ಹೆದರಿಸುವವರಿಲ್ಲದೆ ನಿರಾಳವಾಗಿ ಇಳಿದು ಮರದ ಬಾತುಗಳ ನಡುವೆ ಈಜಿದವು. ಅವಳು ಹೊಡೆಯಲಿಲ್ಲ. ಪತಾತ್ ಆಗಲೇ ಮುದಿಯಾಗಿತ್ತು, ಅವಳ ಮುಖವನ್ನೂ ಹಕ್ಕಿಗಳನ್ನೂ ತಿರುಗಿ ತಿರುಗಿ ನೋಡಿ, ಕೊನೆಗೆ ಪಂಜದ ಮೇಲೆ ಗದ್ದ ಇಟ್ಟು ಮಲಗಿತು. ಕೋವಿಯನ್ನು ಅವಳು ರೊಜೇರ್‌ನ ಮಗಳಿಗೆ ಕೊಟ್ಟಳು.

ಈಗ ಗಾಳಿ ತಿರುಗಿದಾಗ ನನಗೆ ಹೇಳಿಕಳಿಸುತ್ತಾಳೆ. ನಾನು ಅವಳನ್ನೂ ನಾಯಿಯನ್ನೂ ಟ್ರಕ್ಕಿನಲ್ಲಿ ಕೂರಿಸಿಕೊಂಡು ಲಾ ಪ್ವಾಂತ್‌ಗೆ ಹೋಗುತ್ತೇನೆ. ಪತಾತ್‌ನ ಹಿಂಗಾಲು ಸೋತಿವೆ, ಎತ್ತಿ ಹತ್ತಿಸಬೇಕು. ಕಟ್ಟೆಯಲ್ಲಿ, ಎಡ್ಗಾರ್ ಟ್ರಕ್ ನಿಲ್ಲಿಸಿ ಕಾಯುತ್ತಿದ್ದ ಜಾಗದಲ್ಲೇ, ಎಂಜಿನ್ ಆರಿಸಿ ಕೂರುತ್ತೇವೆ. ಹೋದ ವಾರ ಹೋದಾಗ ನೀರು ಪೂರ್ತಿ ಹೆಪ್ಪುಗಟ್ಟಿ ಮುಚ್ಚಿಹೋಗಿತ್ತು, ಹಿಮದ ಮೇಲೆ ನರಿಯ ಹೆಜ್ಜೆ ಬಿಟ್ಟರೆ ಬೇರೇನೂ ಇರಲಿಲ್ಲ.

"ಹಕ್ಕಿಗಳೆಲ್ಲ ಹೊರಟುಹೋದವು ತಾಂತ್. ಹೋಗೋಣ್ವಾ?" ಎಂದೆ.

ಅವಳು ಕೈಗವಸಿನಿಂದ ಕಿಟಕಿಯ ಮಬ್ಬು ಒರೆಸಿದಳು.

"ಇನ್ನೊಂಚೂರು ಇರೋಣ ಕಣೇ," ಎಂದಳು.