ಅಮ್ಮ ಅಡ್ಡಬಿದ್ದ ಗುಡ್ಡ

ಮಾರಿಕುಪ್ಪಂನಲ್ಲಿ ರೈಲಿಳಿದ ನಮ್ಮನ್ನು ಭಾವ ಊರು ತೋರಿಸುತ್ತಾ ಮನೆಗೆ ಕರೆದೊಯ್ಯುತ್ತಿದ್ದರು. ದಾರಿಯಲ್ಲಿ ಬೂದು ಬಣ್ಣದ ದೊಡ್ಡ ಗುಡ್ಡ ಎದುರಾಯಿತು. ನಮ್ಮ ಬಂಗಾರಪೇಟೆ ಕಡೆ ದೇವರಿಲ್ಲದ ಗುಡ್ಡವೇ ಇಲ್ಲ. ಅಮ್ಮ ಚಪ್ಪಲಿ ಬಿಟ್ಟು, ಮಗಳ ಮನೆಗೆಂದು ತಂದಿದ್ದ ತೆಂಗಿನಕಾಯಿ ಒಡೆದು, ಅಡ್ಡಬಿದ್ದಳು. ಎದ್ದ ಮೇಲೆ ಕೇಳಿದಳು, "ಯಾವ ದೇವ್ರು ಅಳಿಯಂದ್ರೇ?"

ಭಾವ ತಲೆ ಕೆರೆದುಕೊಂಡರು. "ದೇವ್ರಿಲ್ಲ ಅತ್ತೆ. ಚಿನ್ನ ತೆಗೆದು ಉಳಿದ ಗಣಿ ಮಣ್ಣು. ನಮ್ಮಪ್ಪ ಸರ್ವೀಸೆಲ್ಲ ಈ ಮಣ್ಣು ಸುರಿದಿದ್ದು ಇಲ್ಲೇಯ."

ಅಕ್ಕನ ಮದುವೆಯಲ್ಲಿ ಜಗಳವಾದಾಗಿನಿಂದ ಆ ಬೀಗರಿಗೆ ಒಂದು ನಮಸ್ಕಾರವನ್ನೂ ಹೇಳದ ಅಮ್ಮ ಹಣೆಯ ಮಣ್ಣು ಒರೆಸಿಕೊಂಡಳು. ಆಮೇಲೆ ಒಂದು ಹೋಳು ಕಾಯಿಯನ್ನು ಭಾವನ ಕೈಗಿಟ್ಟಳು.

"ನಿಮ್ಮಪ್ಪಂಗೆ ಕೊಡಿ. ನಾನು ಕೊಟ್ಟೆ ಅಂತ ಮಾತ್ರ ಏಳ್ಬೇಡಿ."