ಹದಿನಾರನೆಯ ಪಟ್ಟಿ

ಲೆಕ್ಕದ ಮೇಷ್ಟ್ರು ಅನ್ನುವ ಜಂಬ ನನಗೆ ಸ್ವಲ್ಪ ಜಾಸ್ತಿಯೇ ಇತ್ತು. ಅದನ್ನು ಇಳಿಸಿದವಳು ಏಳನೆಯ ಕ್ಲಾಸು ದಾಟದ ನನ್ನ ಹೆಂಡತಿ. ಅದೂ ಚಿಕ್ಕಬಳ್ಳಾಪುರದ ಒಂದು ಯಂತ್ರದಂಗಡಿಯಲ್ಲಿ, ನಾಲ್ಕು ಜನರ ಮುಂದೆ.

ಅವಳಪ್ಪ ಚಿಂತಾಮಣಿಯಲ್ಲಿ ಮರಗೆಲಸದ ಆಚಾರ್ರು. ಗಂಡುಮಕ್ಕಳಿಲ್ಲದ್ದರಿಂದ ಉದ್ದ ಗರಗಸದ ಇನ್ನೊಂದು ತುದಿ ಹಿಡಿಯಲು ಇವಳೇ ಆಗಬೇಕಿತ್ತು. ಮದುವೆಯಾಗಿ ಗೌರಿಬಿದನೂರಿಗೆ ಬಂದ ಮೇಲೂ ಆ ಕೈ ಸುಮ್ಮನಿರಲಿಲ್ಲ. ಹಿತ್ತಲಿನ ಸೌದೆ ಕೋಣೆಯನ್ನೇ ಕೆಲಸದ ಮನೆ ಮಾಡಿಕೊಂಡು ಮಣೆ, ಸ್ಟೂಲು, ದೇವರ ಮಂಟಪ ಅಂತ ಏನಾದರೂ ಮಾಡುತ್ತಲೇ ಇದ್ದಳು. ನಾನು ಬೀದಿಯವರನ್ನೆಲ್ಲ ಕರೆದು ತೋರಿಸುತ್ತಿದ್ದೆ.

ತೊಂಬತ್ತರ ದಶಕದ ಮೊದಲಲ್ಲಿ, ಶಿಡ್ಲಘಟ್ಟಕ್ಕೆ ಕೊಟ್ಟ ನಮ್ಮ ಮಗಳು ಚೊಚ್ಚಲ ಬಸುರಿಯಾದಳು. ತವರಿನಿಂದ ತೊಟ್ಟಿಲು ಕೊಡಬೇಕು. ಮಾವನವರು ಸಾಯುವ ಮುಂಚೆ ಇದಕ್ಕೆಂದೇ ಒಂದು ಹಲಸಿನ ಮರ ಕೊಯ್ಯಿಸಿ ಒಣಗಿಸಿಟ್ಟಿದ್ದರು. ಕಾಲಿಗೆ, ಚೌಕಟ್ಟಿಗೆ, ತಳಕ್ಕೆ ಬೇಕಾದಷ್ಟಿತ್ತು. ಸುತ್ತಲಿನ ಪಟ್ಟಿಗಳಿಗೆ ಮಾತ್ರ ಒಂಬತ್ತು ಇಂಚು ಅಗಲದ ಒಂದೇ ಒಂದು ದಪ್ಪ ಹಲಗೆ. ಅದರಲ್ಲಿ ಹದಿನೈದು ಪಟ್ಟಿ ಬರಲೇಬೇಕು. ತೊಟ್ಟಿಲು ಪೂರ್ತಿ ಒಂದೇ ಮರದ್ದಾಗಿರಬೇಕು ಅನ್ನುವುದು ಮಾವನವರ ಮನೆಯ ಕಟ್ಟುನಿಟ್ಟು. ಒಂದು ಪಟ್ಟಿ ಕಡಿಮೆ ಬಿದ್ದರೂ ತಾತನ ಮರ ಬದಿಗಿಟ್ಟು ಅಂಗಡಿಯ ತೊಟ್ಟಿಲು ತರಬೇಕು.

ಕೈಗರಗಸಕ್ಕೆ ನನ್ನ ಹೆಂಡತಿಯ ಭುಜ ಆಗಲೇ ಒಪ್ಪುತ್ತಿರಲಿಲ್ಲ. ಅಪ್ಪನ ಮರವನ್ನು ಸಾಮಿಲ್ಲಿನವರ ಕೈಗೆ ಕೊಡಲು ಮನಸ್ಸಿಲ್ಲ. ಸರಿ, ಕರೆಂಟಿನ ಗರಗಸವನ್ನೇ ಕೊಳ್ಳೋಣ ಅಂತ ಹೊರಟೆವು.

ಅಂಗಡಿಯಲ್ಲಿ ನಮ್ಮ ಕೈಗೆ ಎಟುಕುವಂಥವು ಎರಡಿದ್ದವು. ಒಂದು ಮೇಜಿನ ನಡುವೆ ದುಂಡನೆಯ ಬ್ಲೇಡು ತಿರುಗುವಂಥದ್ದು. ಇನ್ನೊಂದು ಬ್ಯಾಂಡ್ ಸಾ. ಮೇಲೊಂದು ಕೆಳಗೊಂದು ಚಕ್ರ, ಅವುಗಳ ಸುತ್ತ ರಿಬ್ಬನ್ನಿನ ಹಾಗೆ ಓಡುವ ತೆಳು ಬ್ಲೇಡು. ದುಂಡನೆಯದರ ಠೀವಿಗೆ ನಾನು ಮರುಳಾಗಿಬಿಟ್ಟೆ. ಬ್ಯಾಂಡ್ ಸಾ ನೋಡಿದರೆ ಬಡಕಲು, ಜ್ವರದಿಂದ ಎದ್ದವನ ಹಾಗೆ.

ಬಸ್ ಟಿಕೆಟ್ಟಿನ ಹಿಂದೆ ಲೆಕ್ಕ ಮಾಡಿದೆ. "ಒಂಬತ್ತು ಇಂಚು, ಅರ್ಧ ಇಂಚಿನ ಪಟ್ಟಿ. ಹದಿನೆಂಟು ಬರುತ್ತೆ, ಮೂರು ಮಿಗುತ್ತೆ ಕಣೇ. ಈ ದುಂಡನೇದನ್ನೇ ತಗೊಳ್ಳಣ."

ಅವಳು ಚೀಲದಿಂದ ಅದೇ ಹಲಸಿನ ಮಿಕ್ಕ ತುಂಡೊಂದನ್ನು ತೆಗೆದು ಅಂಗಡಿಯವನಿಗೆ ಕೊಟ್ಟಳು. "ಅಣ್ಣಾ, ಎರಡರಲ್ಲೂ ಒಂದೊಂದು ಸಲ ಕೊಯ್ದು ತೋರ್ಸಪ್ಪ." ಎರಡು ಯಂತ್ರಗಳ ಕೆಳಗೂ ಪೇಪರು ಹಾಸಿದಳು. ಕೊಯ್ದಾದ ಮೇಲೆ ಬಿದ್ದ ಹಳದಿ ಹೊಟ್ಟನ್ನು ಜೋಪಾನವಾಗಿ ತಂದು ನನ್ನ ಒಂದೊಂದು ಅಂಗೈಗೆ ಸುರಿದಳು. ದುಂಡನೆಯದರ ಹೊಟ್ಟು ಬೆರಳ ಸಂದಿಯಿಂದ ಚೆಲ್ಲುತ್ತಿತ್ತು. ಬ್ಯಾಂಡ್ ಸಾದ್ದು ಚಿಟಿಕೆಗಿಂತ ಸ್ವಲ್ಪ ಹೆಚ್ಚು.

"ಇದೂ ನಮ್ಮಪ್ಪನ ಮರಾನೇ ಅಲ್ವೇನ್ರೀ? ಇದನ್ನ ಯಾವ ಲೆಕ್ಕಕ್ಕೆ ಹಾಕಿದ್ರಿ?"

ಪ್ರತಿ ಕೊಯ್ತಕ್ಕೂ ಬ್ಲೇಡು ತನ್ನ ದಪ್ಪದಷ್ಟು ಮರ ತಿನ್ನುತ್ತದೆ. ಅದನ್ನು ನಾನು ಲೆಕ್ಕಕ್ಕೆ ಹಿಡಿದೇ ಇರಲಿಲ್ಲ. ಕೊಯ್ದ ಸೀಳುಗಳ ಅಗಲ ಅಳೆದು ಮತ್ತೆ ಲೆಕ್ಕ ಹಾಕಿದರೆ ದುಂಡನೆಯದರಲ್ಲಿ ಹದಿನಾಲ್ಕೇ ಪಟ್ಟಿ, ಬ್ಯಾಂಡ್ ಸಾದಲ್ಲಿ ಹದಿನಾರು. "ಮೇಷ್ಟ್ರೇ, ಅಮ್ಮನ ಹತ್ರ ಟ್ಯೂಷನ್‌ಗೆ ಹೋಗಿ" ಅಂತ ಅಂಗಡಿಯವನು ನಕ್ಕ. ನನಗೆ ಮುಖ ಎಲ್ಲಿಡಬೇಕೋ ತಿಳಿಯಲಿಲ್ಲ.

ವಾಪಸ್ಸು ಬರುವಾಗ ಅವಳೇ ಸಮಾಧಾನ ಮಾಡಿದಳು. "ದುಂಡನೇದು ಕೆಟ್ಟದ್ದಲ್ಲ ಕಣ್ರೀ. ಸರಸರ ಅಂತ ನೇರಕ್ಕೆ ಕೊಯ್ಯೋಕೆ ಅದೇ ಸರಿ. ಮರ ಬೇಕಾದಷ್ಟು ಇರೋರಿಗೆ."

ಕೊಯ್ಯುವ ದಿನ ಹಲಗೆಯ ಆಚೆ ತುದಿ ಹಿಡಿದವನು ನಾನು. ಅವಳು ಆತುರಪಡಲಿಲ್ಲ, ಮಗುವನ್ನು ನಡೆಸುವ ಹಾಗೆ ಹಲಗೆಯನ್ನು ಮುಂದೆ ಬಿಡುತ್ತಿದ್ದಳು. ಹದಿಮೂರು, ಹದಿನಾಲ್ಕು ಅಂತ ನಾನು ಜೋರಾಗಿ ಎಣಿಸುತ್ತಿದ್ದೆ. ಹದಿನೈದನೆಯದು ಬೇರೆಯಾಗುವಾಗ ನನ್ನ ಕೈಯಲ್ಲಿ ಇನ್ನೂ ಒಂದು ಪಟ್ಟಿ ಉಳಿದಿತ್ತು. ಮೋಟರು ಆರಿಸಿ ಅವಳು ಅಲ್ಲೇ ಹೊಟ್ಟಿನ ಮೇಲೆ ಕೂತು ಅತ್ತಳು. ನನಗಂತೂ ಅವಳ ಕಾಲಿಗೆ ಬೀಳಬೇಕೆನ್ನಿಸಿತು, ಸುಳ್ಳಲ್ಲ.

ತೊಟ್ಟಿಲು ಬಸ್ಸಿನ ಟಾಪ್ ಮೇಲೆ ಶಿಡ್ಲಘಟ್ಟಕ್ಕೆ ಹೋಯಿತು. ಮಿಕ್ಕ ಪಟ್ಟಿಯನ್ನು ಹೆರೆದು, ಚಾಕುವಿನಲ್ಲಿ ಇಂಚುಗಳ ಗುರುತು ಹಾಕಿ ಅವಳು ನನಗೊಂದು ಸ್ಕೇಲು ಮಾಡಿಕೊಟ್ಟಳು. ಸೊನ್ನೆಯ ಹಿಂದೆ, ಅಂಚಿಗೆ ತಾಗಿದಂತೆ ಇನ್ನೊಂದು ಸಣ್ಣ ಗೆರೆಯಿತ್ತು. ಇದೇನೇ ಎಂದು ಕೇಳಿದೆ.

"ಗರಗಸದ ಪಾಲು ಕಣ್ರೀ," ಅಂದಳು. "ಮೊದಲು ಅದನ್ನ ತೆಗೆದಿಟ್ಟು, ಆಮೇಲೆ ಎಣಿಸಿ."