ನನ್ನ ಮೊಳ, ಅವ್ವನ ಮೊಳ

ನಮ್ಮ ಚಳ್ಳಕೆರೆಯಲ್ಲಿ ಸೈಕಲ್ಲು ಹೊತ್ತಷ್ಟು ಭಾರವನ್ನು ಇನ್ಯಾರೂ ಹೊತ್ತಿರಲಿಕ್ಕಿಲ್ಲ. ಅಪ್ಪ ಹಿಂಡಿ ವ್ಯಾಪಾರ ಶುರು ಮಾಡಿದ್ದೇ ಸೈಕಲ್ಲಿನ ಮೇಲೆ. ಎಣ್ಣೆ ಮಿಲ್ಲಿನಿಂದ ಶೇಂಗಾ ಹಿಂಡಿಯ ಚೀಲ ತಂದು, ಕ್ಯಾರಿಯರಿಗೆ ಬಿಗಿದು, ದನ ಸಾಕಿದವರ ಮನೆ ಮನೆಗೆ ತಿರುಗುತ್ತಿದ್ದ. ಚೀಲ ಇಳಿಸಿದ ಮೇಲೆ ಅದೇ ಕ್ಯಾರಿಯರಿನ ಮೇಲೆ ಅವ್ವನನ್ನು ಕೂರಿಸಿಕೊಂಡು ಆಸ್ಪತ್ರೆಗೋ ಮದುವೆ ಮನೆಗೋ ಹೋಗುತ್ತಿದ್ದ. ಅಂಥವನ ಮಗನಾದ ನಾನು ನಲವತ್ತೆಂಟನೆಯ ವಯಸ್ಸಿನಲ್ಲಿ, ಸೈಕಲ್ಲನ್ನು ಹೊರಲಿಕ್ಕೆ ಒಂದು ಗಾಡಿ ಬೇಕೆಂದು ಊರೆಲ್ಲ ಹುಡುಕಿದೆ. ಹೇಳಿಕೊಳ್ಳಲು ನಾಚಿಕೆಯಾಗುತ್ತದೆ, ಆದರೂ ಹೇಳುತ್ತೇನೆ.

ಮೊದಲ ತಪ್ಪು ಡಾಕ್ಟರದು. ರಕ್ತದಲ್ಲಿ ಸಕ್ಕರೆ ಜಾಸ್ತಿಯಾಗಿದೆ, ಮೈ ಬಗ್ಗಿಸಿ ಏನಾದರೂ ಮಾಡಿ ಎಂದರು. ಅಂಗಡಿಯಲ್ಲಿ ಚೀಲ ಎತ್ತಿ ಅಂತ ಅವರು ಹೇಳಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಸೈಕಲ್ ಹೊಡೆಯಿರಿ ಎಂದುಬಿಟ್ಟರು. ಊರಿನ ಬೆಳಗಿನ ಸೈಕಲ್ ಗುಂಪಿಗೆ ನಾನೂ ನನ್ನ ಹೆಂಡತಿಯೂ ಸೇರಿದೆವು. ಬೀಜ ಗೊಬ್ಬರದ ಅಂಗಡಿಯವರು, ಕಾಲೇಜಿನ ಮೇಷ್ಟ್ರು, ಬ್ಯಾಂಕಿನವರು, ಎಲ್ಲರೂ ಹೊಟ್ಟೆ ಇರುವವರೇ. ಎಲ್ಲರಿಗೂ ಗೇರಿನ ಸೈಕಲ್ಲು, ತಲೆಗೆ ಹೆಲ್ಮೆಟ್ಟು, ಕೆಳಗೆ ಒಂದು ಬಿಗಿ ಚಡ್ಡಿ. ಆ ಚಡ್ಡಿಯಲ್ಲಿ ಪೇಟೆಯೊಳಗೆ ಹೋದರೆ ಗಿರಾಕಿಗಳು ನಮಸ್ಕಾರ ಹೇಳಿ, ಆಮೇಲೆ ಎಲ್ಲಿ ನೋಡಬೇಕೆಂದು ತಿಳಿಯದೆ ಒದ್ದಾಡುತ್ತಿದ್ದರು. ಹೀಗಾಗಿ ಗುಂಪು ದೊಡ್ಡಉಳ್ಳಾರ್ತಿ ಕಡೆಯ ಹುಲ್ಲು ಕಾವಲಿನ ರಸ್ತೆಯನ್ನು ಹುಡುಕಿಕೊಂಡಿತ್ತು. ರಸ್ತೆ ನುಣುಪು, ನೋಡುವವರು ಕಡಿಮೆ. ಒಂದೇ ತೊಂದರೆ, ಅದು ಊರಿಂದ ದೂರ. ಅಷ್ಟು ದೂರ ಸೈಕಲ್ಲು ಹೊಡೆದರೆ ಸುಸ್ತಾಗುತ್ತದೆಂದು ಎಲ್ಲರೂ ಸೈಕಲ್ಲುಗಳನ್ನು ಕಾರಿನಲ್ಲಿ ಹಾಕಿಕೊಂಡು ಬರುತ್ತಿದ್ದರು.

ಮೊದಲ ದಿನವೇ ಕಾವಲಿನಲ್ಲಿ ಕುರಿ ಮೇಯಿಸುತ್ತಿದ್ದ ಮುದುಕರೊಬ್ಬರು ಕೋಲೂರಿಕೊಂಡು ನಿಂತು ನಮ್ಮನ್ನೇ ನೋಡುತ್ತಿದ್ದರು. ಕಾರಿನಿಂದ ಸೈಕಲ್ಲು ಇಳಿಸಿದೆವು, ಒಂದು ಗಂಟೆ ಹೊಡೆದೆವು, ಬೆವರೊರೆಸಿಕೊಂಡು ಮತ್ತೆ ಕಾರಿಗೆ ಏರಿಸತೊಡಗಿದೆವು. ಅವರು ಹತ್ತಿರ ಬಂದು ಕೇಳಿದರು.

"ಎಲ್ಲಾ ಒಂದೇ ಸಲ ಕೆಟ್ಟೋದ್ವೇನ್ರಿ?"

"ಇಲ್ಲ ಯಜಮಾನ್ರೇ, ಚೆನ್ನಾಗೇ ಅದಾವೆ."

"ಮತ್ತೆ ಹತ್ಕಂಡು ಹೋಗ್ರಲ್ಲ" ಎಂದು ಕುರಿಗಳ ಕಡೆ ತಿರುಗಿದರು.

ನಮ್ಮದು ಆಗ ಚಿಕ್ಕ ಕಾರು. ಅದರಲ್ಲಿ ಒಂದು ಸೈಕಲ್ಲು ಹಿಡಿಸುವಷ್ಟರಲ್ಲಿ ನನ್ನ ಅರ್ಧ ಸಕ್ಕರೆ ಇಳಿದಿರುತ್ತಿತ್ತು. ಅಂಗಡಿಯ ಲಗೇಜ್ ಆಟೋ ಇದೆಯಲ್ಲ ಎಂದೆ. ಹಿಂಡಿಯ ವಾಸನೆ ಹೊತ್ತು ಗುಂಪಿನ ಮುಂದೆ ಇಳಿಯುವುದಕ್ಕಿಂತ ಮನೆಯಲ್ಲೇ ಇರುವುದು ವಾಸಿ ಎಂದಳು ಹೆಂಡತಿ. ಹಾಗಾಗಿ ದೊಡ್ಡ ಗಾಡಿ ಕೊಳ್ಳುವುದೆಂದು ತೀರ್ಮಾನವಾಯಿತು. ಅವ್ವ ಅಡುಗೆಮನೆ ಬಾಗಿಲಲ್ಲಿ ನಿಂತು ಇದನ್ನೆಲ್ಲ ಕೇಳಿಸಿಕೊಂಡಿದ್ದಳು.

"ತರೋದು ತರ್ತೀಯ, ಮೆಟ್ಲು ಗಿಡ್ಡಾಗಿರೋದು ತಾರಪ್ಪ. ನಮ್ಮಕ್ಕನ್ನ ನೋಡಾಕೆ ಹೋಗಾಕಾದ್ರೂ ಆಗ್ತೈತೆ."

ಅವ್ವನ ತವರು ಮೊಳಕಾಲ್ಮುರು, ರೇಷ್ಮೆ ಸೀರೆ ನೇಯುವ ಮನೆ. ಆ ಊರಿನ ಹೆಸರಿನಲ್ಲಿ ಮೊಳವೂ ಇದೆ, ಮೊಳಕಾಲೂ ಇದೆ, ಮುರಿಯುವುದೂ ಇದೆ. ಅವ್ವನಿಗೆ ಮೂರೂ ದಕ್ಕಿದ್ದವು. ಅವಳ ಅಕ್ಕ, ನನ್ನ ದೊಡ್ಡವ್ವ, ಬಚ್ಚಲಲ್ಲಿ ಜಾರಿ ಬಿದ್ದು ಮಂಚ ಹಿಡಿದಿದ್ದಳು. ಅವ್ವ ತಿಂಗಳಿಗೊಮ್ಮೆ ಬಸ್ಸು ಹತ್ತಿ ಹೋಗಿ, ಅಕ್ಕನ ತಲೆ ಬಾಚಿ, ಒಂದಿಷ್ಟು ಜಗಳವಾಡಿ ಬರುತ್ತಿದ್ದಳು. ಈಚೆಗೆ ಅವ್ವನ ಮಂಡಿಗಳು ಬಸ್ಸಿನ ಮೆಟ್ಟಿಲಿಗೆ ಒಪ್ಪುತ್ತಿರಲಿಲ್ಲ. ಎರಡು ತಿಂಗಳಿಂದ ಹೋಗಿಯೇ ಇರಲಿಲ್ಲ. ಅವಳಿಗೆ ಬೇಕಾಗಿದ್ದು ಗಾಡಿಯೊಳಗೆ ಒಂದು ಸೀಟು, ಅಷ್ಟೇ. "ಆಯ್ತು ಬಿಡವ್ವ" ಎಂದು ನಾನು ಸೈಕಲ್ಲಿನ ಉದ್ದ ಅಳೆಯಲು ಅಂಗಳಕ್ಕೆ ಹೋದೆ.

ಟೇಪು ಸಿಗಲಿಲ್ಲ. ನನ್ನ ಕೈಯಿಂದಲೇ ಅಳೆದೆ. ಮೂರೂವರೆ ಮೊಳ, ಮೇಲೆ ನಾಲ್ಕು ಬೆರಳು. ಅಂಗಡಿಯ ತಾಡಪಾಲು, ಹಗ್ಗ, ಎಲ್ಲವನ್ನೂ ಮೊಳದಲ್ಲೇ ಅಳೆದು ಬೆಳೆದ ಕೈ ಇದು, ತಪ್ಪುವುದಿಲ್ಲ ಎಂಬ ಸೊಕ್ಕು.

ಹೊಸ ಗಾಡಿಗಳನ್ನೂ ನೋಡಿದೆವು. ಶೋರೂಮಿನ ಟೈ ಕಟ್ಟಿದ ಹುಡುಗಿ ಕೊಟ್ಟ ಕಾಗದದಲ್ಲಿ ಡಿಕ್ಕಿಯ ಜಾಗವನ್ನು ಲೀಟರ್ ಲೆಕ್ಕದಲ್ಲಿ ಬರೆದಿತ್ತು. ನಮ್ಮ ಊರಲ್ಲಿ ಲೀಟರ್ ಎಂದರೆ ಎಣ್ಣೆ. ಸೈಕಲ್ಲು ಎಷ್ಟು ಲೀಟರ್ ಆಗುತ್ತದೆಂದು ಅವಳಿಗೂ ಗೊತ್ತಿರಲಿಲ್ಲ, ನನಗೂ ಗೊತ್ತಾಗಲಿಲ್ಲ. ಕೊನೆಗೆ ಅವ್ವನನ್ನೂ ಕರೆದುಕೊಂಡು ಬಳ್ಳಾರಿ ರಸ್ತೆಯಲ್ಲಿ ಹಳೇ ಕಾರು ಮಾರುವವನ ಬಳಿ ಹೋದೆವು. ಅವನಿಗೆ ನಮ್ಮ ಭಾಷೆ ಬರುತ್ತಿತ್ತು.

"ಇದು ನೋಡ್ರಿ ಸಾವ್ಕಾರ್ರೇ, ಏಳು ಸೀಟು. ಹಿಂದಿನ ಸಾಲು ಮಡಚಿದ್ರೆ ಹತ್ತು ಚೀಲ ಶೇಂಗಾ ಆರಾಮಾಗಿ ಕೂರ್ತಾವೆ. ಏಕ್ದಂ ಫಸ್ಟ್ ಕ್ಲಾಸ್ ಮಾಲು."

"ಶೇಂಗಾ ಅಲ್ಲಪ್ಪ, ಸೈಕಲ್ಲು."

ಅವನು ನನ್ನನ್ನೂ ನನ್ನ ಹೆಂಡತಿಯನ್ನೂ ಒಮ್ಮೆ ನೋಡಿದ. "ಸೈಕಲ್ ಅಂಗಡಿ ಇಟ್ಟೀರಾ?" ಎಂದು ಕೇಳಿದ.

ಮೇಲೆ ಕ್ಯಾರಿಯರ್ ಹಾಕಿಸಿ, ಸೈಕಲ್ಲು ಅಲ್ಲೇ ಕಟ್ಟಿದರಾಯಿತು, ಒಳಗೆ ಮನುಷ್ಯರು ಕೂರಬಹುದು ಎಂದೂ ಹೇಳಿದ. ನಾನು ಗದರಿದೆ. ಬಿಸಿಲಿಗೆ ಬಣ್ಣ ಹೋದರೆ ಏನು ಗತಿ? ಧೂಳು ಗೇರಿಗೆ ಇಳಿದರೆ? ಮುಂದಿನ ಚಕ್ರ ಬಿಚ್ಚಿ ಹಾಕುವ ಉಪಾಯವನ್ನು ಗುಂಪಿನ ಮೇಷ್ಟ್ರು ಹೇಳಿಕೊಟ್ಟಿದ್ದರು. ಒಮ್ಮೆ ಬಿಚ್ಚಿದ್ದೆ, ತಿರುಗಿ ಕೂರಿಸುವಷ್ಟರಲ್ಲಿ ಅಂಗಡಿ ತೆರೆಯುವ ಹೊತ್ತು ದಾಟಿತ್ತು, ಬ್ರೇಕು ಅವತ್ತಿನಿಂದ ಕೀರಲು ಹಿಡಿದಿತ್ತು. ಆದ್ದರಿಂದ ಇಡೀ ಸೈಕಲ್ಲು, ಇಡಿಯಾಗಿ, ನೆರಳಿನಲ್ಲಿ ಮಲಗಬೇಕು ಎಂಬುದು ನನ್ನ ಷರತ್ತು.

ಇಷ್ಟು ಹೊತ್ತಿಗೆ ಅವ್ವ ಸದ್ದಿಲ್ಲದೆ ಆ ಗಾಡಿಯ ನಡುಸಾಲಿನ ಸೀಟಿಗೆ ಹತ್ತಿ ಕೂತಿದ್ದಳು. ಯಾರ ಕೈಯನ್ನೂ ಹಿಡಿದಿರಲಿಲ್ಲ. ಕಿಟಕಿಯ ಗಾಜು ಇಳಿಸಿ, ಏರಿಸಿ ನೋಡುತ್ತಿದ್ದಳು. ವ್ಯಾಪಾರಿ ಹಿಂದಿನ ಬಾಗಿಲು ತೆರೆದು, ಅವನ ಬಳಿಯೂ ಟೇಪಿಲ್ಲದೆ, ಒಂದು ಪ್ಲಾಸ್ಟಿಕ್ ಹಗ್ಗ ಕೊಟ್ಟ. ನಡುಸೀಟಿನ ಬೆನ್ನಿನಿಂದ ಬಾಗಿಲಿನವರೆಗೆ ಹಗ್ಗ ಹಿಡಿದು ಗಂಟು ಹಾಕಿದೆ. ಆ ಹಗ್ಗವನ್ನು ಹಾಗೇ ಮನೆಗೆ ಒಯ್ದಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಆದರೆ ಅವ್ವ ಇಳಿದು ಬಂದು "ತಾ ಇಲ್ಲಿ" ಎಂದಳು. ನೇಯ್ಗೆಯ ಮನೆಯ ಮಗಳು. ನಮ್ಮ ಬೀದಿಯಲ್ಲಿ ಯಾರೇ ಬಟ್ಟೆ ತಂದರೂ ಅವಳ ಕೈಯಲ್ಲಿ ಅಳೆಸುತ್ತಾರೆ. ಹಗ್ಗವನ್ನು ಮೊಣಕೈಯಿಂದ ಬೆರಳ ತುದಿಗೆ ಎಳೆದು ಎಳೆದು ಅಳೆದಳು.

"ನಿಂದು ಎಷ್ಟಂದೆ?"

"ಮೂರೂವರೆ ಮೊಳ, ನಾಲ್ಕು ಬೆರಳು."

"ಸರಿಯಾಗಿ ಅಷ್ಟೇ ಐತೆ ನೋಡು" ಎಂದಳು ಅವ್ವ. ಕೊಂಡೆವು.

ಮನೆಗೆ ತಂದು, ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟು ಪೂಜೆ ಮಾಡಿ, ಸೈಕಲ್ಲು ಏರಿಸಿದರೆ ಹಿಂದಿನ ಚಕ್ರ ಹೊರಗೆ ಉಳಿಯಿತು. ಹೆಚ್ಚೂಕಡಿಮೆ ಒಂದು ಗೇಣು. ಓರೆ ಮಾಡಿದರೆ ಒಂದು ಹೇಗೋ ಹಿಡಿಯಿತು, ಇನ್ನೊಂದು ಅಂಗಳದಲ್ಲೇ ಉಳಿಯಿತು. ನಾನೂ ಹೆಂಡತಿಯೂ ಬೆವರಿ, ಬೈದಾಡಿ, ಸಾಕಾಗಿ ನಡುಸಾಲನ್ನೂ ಮಡಚಿದೆವು. ಎರಡೂ ಸೈಕಲ್ಲುಗಳು ಉದ್ದಕ್ಕೆ ಮಲಗಿದವು. ಏಳು ಸೀಟಿನ ಗಾಡಿ ಎರಡು ಸೀಟಿನದಾಯಿತು.

ಮುಂದಿನ ಭಾನುವಾರ ಗುಂಪಿನವರು ಮೊಳಕಾಲ್ಮುರಿನ ಗುಡ್ಡಗಳ ರಸ್ತೆಯಲ್ಲಿ ಸೈಕಲ್ಲು ಹೊಡೆಯುವುದೆಂದು ಗೊತ್ತುಮಾಡಿದರು. ಅವ್ವ ಹಿಂದಿನ ದಿನವೇ ಅಕ್ಕನಿಗೆಂದು ಶೇಂಗಾ ಚಟ್ನಿಪುಡಿ ಕುಟ್ಟಿ ಡಬ್ಬಿಗೆ ತುಂಬಿದ್ದಳು. ಬೆಳಿಗ್ಗೆ ಡಬ್ಬಿ ಹಿಡಿದು ಹೊರಬಂದು ಗಾಡಿಯೊಳಗೆ ನೋಡಿದಳು. ಸೈಕಲ್ಲುಗಳ ಕೆಳಗೆ ನಾನು ಅವಳದೇ ಕೌದಿ ಹಾಸಿದ್ದೆ. ಸೀಟಿಗೆ ಗೀರು ಬೀಳದಿರಲಿ ಎಂದು ಹೇಳಿದೆ. ನಿಜ ಹೇಳಬೇಕೆಂದರೆ, ಸೈಕಲ್ಲಿಗೆ ಗೀರು ಬೀಳದಿರಲಿ ಎಂದು.

"ಅತ್ತೆ, ನೀವು ಮುಂದೆ ಕೂತ್ಕಳ್ರಿ, ನಾನು ಬಸ್ಸಿಗೆ ಬರ್ತೀನಿ" ಎಂದಳು ಹೆಂಡತಿ. ಹೆಲ್ಮೆಟ್ಟು ಆಗಲೇ ತಲೆಯ ಮೇಲಿತ್ತು.

"ನಿನಗೆ ಬಸ್ಸಿನಾಗೆ ವಾಂತಿ ಆಗ್ತೈತೆ. ನಾನೇ ಹೋಗ್ತೀನಿ ಬಿಡು, ಹೆಂಗಸರಿಗೆ ಪುಕ್ಕಟೆ ಐತಲ್ಲ. ಮುದುಕಿ ಅಂತ ಯಾರಾದ್ರೂ ಸೀಟು ಬಿಡ್ತಾರೆ" ಎಂದಳು ಅವ್ವ.

ನಾನು "ಬೇಡವ್ವ" ಎಂದೆ. ಒಂದೇ ಸಲ ಎಂದೆ. ಎರಡನೇ ಸಲ ಹೇಳಿದ್ದರೆ ಸೈಕಲ್ಲು ಇಳಿಸಬೇಕಾಗುತ್ತಿತ್ತು. ಬಸ್ ಸ್ಟ್ಯಾಂಡಿನ ತನಕ ಅವಳನ್ನು ಮೋಟರ್ ಬೈಕಿನಲ್ಲಿ ಬಿಟ್ಟುಬಂದೆ. ಕಂಡಕ್ಟರ್ ರಟ್ಟೆ ಹಿಡಿದು ಅವಳನ್ನು ಮೇಲೆ ಎಳೆದುಕೊಂಡ.

ಮೊಳಕಾಲ್ಮುರಿನ ದೊಡ್ಡವ್ವನ ಮನೆಗೆ ಅವ್ವನಿಗಿಂತ ನಾವೇ ಮೊದಲು ಮುಟ್ಟಿದೆವು. ದೊಡ್ಡವ್ವನನ್ನು ಸೊಸೆ ಜಗಲಿಯ ಮಂಚಕ್ಕೆ ತಂದು ಕೂರಿಸಿದ್ದಳು. ದೊಡ್ಡವ್ವನದು ಗಡಿ ಊರಿನ ಮಾತು, ಅರ್ಧ ತೆಲುಗು. ಗಾಡಿಯನ್ನು ಕಣ್ಣು ಕಿರಿದು ಮಾಡಿ ನೋಡಿದಳು.

"ಏಮ್ರಾ, ಬಂಡಿ ಜೋರೈತಲ್ಲ. ನಿಮ್ಮವ್ವ ಎಲ್ಲಿ?"

"ಬಸ್ಸಿನಾಗೆ ಬರ್ತಾಳೆ ದೊಡ್ಡವ್ವ."

"ಮತ್ತೆ ಇದರಾಗೆ ಯಾರು ಬಂದ್ರು?"

"ಸೈಕಲ್ಲು" ಎಂದೆ.

ದೊಡ್ಡವ್ವ ನಗಲಿಲ್ಲ. ನಕ್ಕಿದ್ದರೆ ಚೆನ್ನಾಗಿತ್ತು. ನಾನು ಮೊಳದ ಕಥೆ ಹೇಳಿ, ಅಳತೆ ತಪ್ಪಿದ್ದು ಅವ್ವನದು ಎಂಬಂತೆ ಮಾತು ಜಾರಿಸಿದೆ. ಆಗ ಅವಳು ಸರಿಯಾಗಿ ಜಾಡಿಸಿದಳು.

"ಅಳೆಯೋ ಕೈ ಬದಲಾಯಿಸಬಾರದು ಅಂತ ಮಗ್ಗದ ಮನೇಲಿ ಕೂಸಿಗೂ ಗೊತ್ತೈತೆ. ಅವಳ ಮೊಳ ಗಿಡ್ಡ ಕಣೋ. ನಮ್ಮಪ್ಪ ಅವಳಿಗೆ ಸೀರೆ ಅಳೆಯಾಕೆ ಕೊಟ್ಟಾಗಲೆಲ್ಲ ಮೊಳಕ್ಕೆ ಮೂರು ಬೆರಳು ಸೇರಿಸೇ ಅಳೀತಿದ್ಲು. ಒಂದು ದಿನ ಮರೆತಾಕೆ ಅಲ್ಲ. ನಿನ್ನ ಬಂಡಿಗೆ ಮರೆತ್ಲಾ?"

ನಾನು ಜಗಲಿಯ ಅಂಚಿನಲ್ಲಿ ಕೂತುಬಿಟ್ಟೆ. ಬಿಗಿ ಚಡ್ಡಿಯಲ್ಲಿ ಕೂರುವುದು ಸುಲಭವಲ್ಲ, ಅದನ್ನೂ ಗಮನಿಸಲಿಲ್ಲ. ಆ ಗಾಡಿಯ ಸೀಟಿನಲ್ಲಿ ಕೂತು ಅವ್ವ ಕಿಟಕಿಯ ಗಾಜು ಏರಿಸಿ ಇಳಿಸಿದ್ದು ನೆನಪಾಯಿತು.

ಅರ್ಧ ಗಂಟೆಯ ಮೇಲೆ ಅವ್ವ ಬಂದಳು, ಡಬ್ಬಿಯನ್ನು ಎದೆಗೆ ಅವುಚಿಕೊಂಡು, ಬಲಗಾಲು ಎಳೆಯುತ್ತ. ಅಕ್ಕತಂಗಿಯರು ಮೊದಲು ಬೈದಾಡಿಕೊಂಡರು, ಆಮೇಲೆ ಕೈ ಹಿಡಿದುಕೊಂಡು ಕೂತರು. ನಾನು ಕೇಳಿಯೇಬಿಟ್ಟೆ.

"ಅವ್ವ, ನಿನ್ನ ಮೊಳ ಗಿಡ್ಡ ಅಂತ ನಿನಗೆ ಗೊತ್ತಿರ್ಲಿಲ್ವಾ?"

"ಗೊತ್ತಿತ್ತು." ಬಾಚಣಿಗೆಯಿಂದ ಅಕ್ಕನ ಸಿಕ್ಕು ಬಿಡಿಸುತ್ತಲೇ ಹೇಳಿದಳು. "ನೀನು ಬರೀ ಸೈಕಲ್ಲಿಗೆ ಅಳೀತಿದ್ದೆ. ಮೆಟ್ಲು ನನ್ನ ಮಂಡಿಗೆ ಸರಿಹೋಯ್ತು, ಅಷ್ಟಕ್ಕೇ ಸರಿಯಾಗೈತೆ ಅಂದೆ. ಸೀಟು ಮಡಚ್ತೀಯ ಅಂತ ನನಗೇನು ಗೊತ್ತು."

ಗುಂಪಿನವರು ಗುಡ್ಡದ ಬುಡದಿಂದ ಫೋನಿನ ಮೇಲೆ ಫೋನು ಮಾಡುತ್ತಿದ್ದರು. ನಾನು ತೆಗೆಯಲಿಲ್ಲ. ಹೆಂಡತಿ ಹೆಲ್ಮೆಟ್ಟು ಕಳಚಿ ಮಗ್ಗದ ಕೋಣೆಯ ಗೂಟಕ್ಕೆ ನೇತುಹಾಕಿ, ಸೊಸೆಯ ಜೊತೆ ಅಡುಗೆಗೆ ಹೋದಳು. ಮಧ್ಯಾಹ್ನ ಊಟವಾದ ಮೇಲೆ ನಾವಿಬ್ಬರೂ ಸೈಕಲ್ಲುಗಳನ್ನು ಇಳಿಸಿ, ಮಡಚಿದ್ದ ಸೀಟುಗಳನ್ನು ಎತ್ತಿ ನಿಲ್ಲಿಸಿ, ಸೈಕಲ್ಲುಗಳನ್ನು ಬಸ್ ಸ್ಟ್ಯಾಂಡಿಗೆ ತಳ್ಳಿಕೊಂಡು ಹೋದೆವು. ಗಾಡಿ ತರಲು ಅವಳು ತಿರುಗಿ ಹೋದಳು. ಚಳ್ಳಕೆರೆಯ ಪ್ರೈವೇಟ್ ಬಸ್ಸಿನ ಮೇಲೆ ಹುಣಸೆಹಣ್ಣಿನ ಮೂಟೆಗಳ ಪಕ್ಕ ನಾನೇ ಎರಡನ್ನೂ ಮಲಗಿಸಿ ಹಗ್ಗ ಬಿಗಿದೆ. ಕೆಳಗಿಳಿಯುವಷ್ಟರಲ್ಲಿ ಹೆಂಡತಿ ಅವ್ವನ ಸಮೇತ ಗಾಡಿ ತಂದು ನಿಲ್ಲಿಸಿದ್ದಳು. ಕಂಡಕ್ಟರ್ ಲಗೇಜು ಟಿಕೆಟ್ ಹರಿಯುತ್ತ ಗಾಡಿಯನ್ನು ನೋಡಿದ.

"ಕಾರು ಐತಲ್ಲ ಸಾರ್, ಸೈಕಲ್ ಯಾಕೆ ಬಸ್ಸಿಗೆ?"

"ಕಾರಿನಾಗೆ ಜಾಗ ಇಲ್ಲಪ್ಪ."

"ಎಷ್ಟು ಜನ ಅದೀರಿ?"

"ಮೂರು."

ಅವನು ಏಳು ಸೀಟನ್ನೂ ಕಣ್ಣಲ್ಲೇ ಎಣಿಸಿ, ಸೀಟಿ ಊದಿದ.

ಅವ್ವ ತನ್ನ ಕೌದಿಯನ್ನು ಕೊಡವಿ, ಚೈನಿನ ಎಣ್ಣೆ ಮೆತ್ತಿದ ಭಾಗವನ್ನು ಒಳಗೆ ಮಡಚಿ, ನಡುಸೀಟಿನ ಮೇಲೆ ಹಾಸಿಕೊಂಡು ಕೂತಿದ್ದಳು. ತಳಕು ಹತ್ತಿರ ಬಂದಾಗ ನಮ್ಮ ಮುಂದೆ ಅದೇ ಬಸ್ಸು ಸಿಕ್ಕಿತು. ಮೇಲೆ ಬಿಸಿಲಿನಲ್ಲಿ ಸೈಕಲ್ಲುಗಳು ಹೊಳೆಯುತ್ತಿದ್ದವು, ಧೂಳು ಹಿಡಿದಿತ್ತು. ಅವ್ವ ಗಾಜು ಇಳಿಸಿ, ಕತ್ತು ಹೊರಗೆ ಹಾಕಿ ಅವನ್ನು ನೋಡಿದಳು.

"ಸದ್ಯ, ಅವಾದ್ರೂ ಮಲಕ್ಕಂಡು ಬರ್ತಾ ಅದಾವೆ" ಎಂದಳು. "ಹೋಗೋವಾಗ ನಾನು ಮೊಳಕಾಲ್ಮುರು ಹತ್ರದ ಹಾನಗಲ್ ತನಕ ನಿಂತ್ಕಂಡೇ ಹೋದೆ."

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ನಾನು ಬಸ್ಸನ್ನು ಹಿಂದೆ ಹಾಕಲಿಲ್ಲ, ಚಳ್ಳಕೆರೆಯವರೆಗೂ ಅದರ ಧೂಳು ಕುಡಿಯುತ್ತ ಹಿಂದೆಯೇ ಬಂದೆ.